ಕ್ಯಾಪ್ಟನ್ ಆಗಬೇಕಿದ್ದ ಬಾಲು

ಅಪ್ಸರಕೊಂಡದ ಗುಡ್ಡದ ಕೆಳಗಿನ ಬೀಚಿನಲ್ಲಿ ಕ್ರಿಕೆಟ್ ಆಡೋರಿಗೆ ಇರೋದು ಒಂದೇ ನಿಯಮ. ಬ್ಯಾಟ್ ಯಾರದ್ದೋ ಅವನೇ ಕ್ಯಾಪ್ಟನ್. ಅವನೇ ಮೊದಲು ಬ್ಯಾಟಿಂಗ್ ಮಾಡ್ತಾನೆ, ಔಟಾದರೆ ಅದು ಟ್ರಯಲ್ ಬಾಲ್ ಅಂತಾನೆ, ಮನೆಯಿಂದ ಕರೆ ಬಂದರೆ ಬ್ಯಾಟನ್ನು ಹೆಗಲ ಮೇಲೆ ಹಾಕ್ಕೊಂಡು ಹೊರಡ್ತಾನೆ. ಮ್ಯಾಚ್ ಅಲ್ಲಿಗೆ ಮುಗೀತು. ಆದರೆ ಇಳಿತದ ಹೊತ್ತಿಗೆ ಯಾವ ಜಾಗದ ಮರಳು ಗಟ್ಟಿ ಇರುತ್ತೆ, ಎಲ್ಲಿ ಬಾಲ್ ಏಳದೆ ಹೂತುಕೊಳ್ಳುತ್ತೆ, ಉಬ್ಬರ ಬಂದು ಪಿಚ್ ಮುಳುಗೋಕೆ ಇನ್ನೆಷ್ಟು ಹೊತ್ತಿದೆ, ಇದೆಲ್ಲ ಸರಿಯಾಗಿ ಗೊತ್ತಿರೋದು ಬೇರೆ ಯಾರಿಗೋ. ಹೆಚ್ಚಾಗಿ ಅವನ ಹತ್ತಿರ ಬ್ಯಾಟ್ ಇರಲ್ಲ.

ಹೊನ್ನಾವರ, ಕುಮಟಾ, ಭಟ್ಕಳ ಕಡೆಯಿಂದ ಬಂದು ಇಲ್ಲಿ ಹಾಸ್ಟೆಲ್ ಸೇರಿರೋ ನಮಗೆ ಈ ನಿಯಮ ಬಾಯಿಪಾಠ. ಹಾಗಾಗಿ ಮೆಸ್ಸಿನಲ್ಲಿ ದಿನಾ ರಾತ್ರಿ ನಡೆಯೋ ಚರ್ಚೆಯಲ್ಲಿ, ಅಂದರೆ ಭಾರತದ ಒಳ್ಳೆ ಕ್ಯಾಪ್ಟನ್ ಧೋನಿಯೋ ಗಂಗೂಲಿಯೋ ಕೊಹ್ಲಿಯೋ ಅನ್ನೋ ಮುಗಿಯದ ಜಗಳದಲ್ಲಿ, ನಮಗೆ ಯಾವಾಗಲೂ ಇನ್ನೊಂದು ಪ್ರಶ್ನೆ ಬರ್ತಿತ್ತು. ಕ್ಯಾಪ್ಟನ್ ಆದವರ ಬಗ್ಗೆ ಇಷ್ಟೊಂದು ಮಾತಾಡ್ತೀವಲ್ಲ, ಆಗಬೇಕಿದ್ದೂ ಆಗದೇ ಹೋದವರು ಯಾರು? ಹುಡುಕ್ತಾ ಹೋದಾಗ ಸಿಕ್ಕ ಹೆಸರು ಪಾಲ್ವಣಕರ್ ಬಾಲು. ಹುಟ್ಟಿದ್ದು ನಮ್ಮ ಪಕ್ಕದ ಜಿಲ್ಲೆ ಧಾರವಾಡದಲ್ಲಿ, 1876ರ ಮಾರ್ಚ್ 19ರಂದು. ಒಂದು ಕಾಲಕ್ಕೆ ಮುಂಬಯಿಯಲ್ಲಿ ಮನೆಮಾತಾಗಿದ್ದ ಹೆಸರು. ನಮ್ಮ ಕ್ಲಾಸಿನಲ್ಲಿ ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ.

ಬಾಲು ಅವರ ಮನೆತನದ ಮೂಲ ಕೊಂಕಣದ ಪಾಲ್ವಣ, ಅದರಿಂದಲೇ ಪಾಲ್ವಣಕರ್. ಜಾತಿಯಲ್ಲಿ ಚಮ್ಮಾರರು, ಅಂದರೆ ಆ ಕಾಲದ ಲೆಕ್ಕದಲ್ಲಿ ಅಸ್ಪೃಶ್ಯರು. ತಂದೆಗೆ ಸೈನ್ಯದ ಕಡೆ ಕೆಲಸ ಇದ್ದಿದ್ದರಿಂದ ಸಂಸಾರ ಪುಣೆಗೆ ಹೋಯಿತು. ಅಲ್ಲಿ ದಂಡಿನ ಪ್ರದೇಶದಲ್ಲಿ ಅಧಿಕಾರಿಗಳು ಆಡಿ ಬಿಟ್ಟ ಬ್ಯಾಟು ಬಾಲುಗಳಲ್ಲಿ ಬಾಲು ಮತ್ತು ತಮ್ಮಂದಿರು ಆಟ ಕಲಿತರು. ಶಿವರಾಮ, ಗಣಪತ, ವಿಠ್ಠಲ, ಈ ಮೂರೂ ತಮ್ಮಂದಿರು ಮುಂದೆ ದೊಡ್ಡ ಕ್ರಿಕೆಟ್ ಆಡಿದರು. ವಿಠ್ಠಲನ ಹೆಸರನ್ನ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಮೊದಲ ಕೆಲಸ ಪುಣೆಯ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸೋದು, ರೋಲರ್ ಎಳೆಯೋದು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಬಿಳಿಯರ ಪೂನಾ ಕ್ಲಬ್ಬಿಗೆ ಸೇರಿದರು, ಸಂಬಳ 4 ರೂಪಾಯಿ ಆಯಿತು. ಕೆಲಸ ಅದೇ: ನೆಟ್ ಕಟ್ಟೋದು, ಸುಣ್ಣದಲ್ಲಿ ಗೆರೆ ಎಳೆಯೋದು, ಪಿಚ್ ಉರುಳಿಸೋದು. ಜೊತೆಗೆ ಆಗಾಗ ಸಾಹೇಬರಿಗೆ ನೆಟ್ಸಿನಲ್ಲಿ ಬಾಲ್ ಹಾಕೋದು. ಎಡಗೈ ಸ್ಪಿನ್.

ಆ ಕ್ಲಬ್ಬಿನಲ್ಲಿ ಗ್ರೇಗ್ ಅಂತ ಒಬ್ಬ ಇಂಗ್ಲಿಷ್ ಅಧಿಕಾರಿ ಇದ್ದ. ಕುಳ್ಳ ಆಳು, ಆದರೆ ಆ ಕಾಲಕ್ಕೆ ಇಲ್ಲಿದ್ದ ಬಿಳಿಯರ ಪೈಕಿ ಅತ್ಯುತ್ತಮ ಬ್ಯಾಟ್ಸ್‌ಮನ್, ಮುಂದೆ ಇಂಗ್ಲೆಂಡಿನ ಹ್ಯಾಂಪ್‌ಶೈರ್ ತಂಡಕ್ಕೂ ಆಡಿದವನು. ಈತ ಉಳಿದವರಿಗಿಂತ ಮುಂಚೆ ಬಂದು ಬಾಲು ಅವರಿಂದ ಬೌಲಿಂಗ್ ಮಾಡಿಸ್ಕೊಳ್ತಿದ್ದ. ತನ್ನನ್ನ ಒಂದು ಸಲ ಔಟ್ ಮಾಡಿದರೆ 8 ಆಣೆ ಕೊಡ್ತಿದ್ದ ಅನ್ನೋ ಕಥೆ ಇದೆ. ಕಥೆ ನಿಜವೇ ಆಗಿದ್ದರೆ ಲೆಕ್ಕ ಹಾಕಿ ನೋಡಿ. 8 ಆಣೆ ಅಂದರೆ ಅರ್ಧ ರೂಪಾಯಿ. ಎಂಟು ಸಲ ಗ್ರೇಗನ ವಿಕೆಟ್ ಬಿದ್ದರೆ ಒಂದು ತಿಂಗಳ ಪೂರ್ತಿ ಸಂಬಳ! ಸಾವಿರಾರು ಬಾಲ್‌ಗಳು, ಎದುರಿಗೆ ಕ್ಲಬ್ಬಿನ ಅತ್ಯುತ್ತಮ ಬ್ಯಾಟ್ಸ್‌ಮನ್, ಪ್ರತಿ ವಿಕೆಟ್ಟಿಗೂ ಕೈಗೆ ಕಾಸು. ಇದಕ್ಕಿಂತ ಒಳ್ಳೆ ಕೋಚಿಂಗ್ ಅಕಾಡೆಮಿ ಇವತ್ತೂ ಇಲ್ಲ ಅನ್ನಿಸುತ್ತೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಪೂನಾ ಕ್ಲಬ್ಬಿನಲ್ಲಿ ಇದ್ದಷ್ಟು ವರ್ಷವೂ ಬಾಲು ಅವರ ಕೈಗೆ ಯಾರೂ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಯಜಮಾನರ ಕೆಲಸ, ಬೌಲಿಂಗ್ ಆಳುಗಳ ಕೆಲಸ. ಇಂಗ್ಲೆಂಡಿನಲ್ಲೂ ಆಗ ಹೆಚ್ಚುಕಡಿಮೆ ಹೀಗೇ ಇತ್ತು. ಸಂಬಳ ತಗೊಂಡು ಬೌಲ್ ಮಾಡೋನು ಒಂದು ಬಾಗಿಲಿಂದ, ಜೆಂಟಲ್‌ಮನ್ ಇನ್ನೊಂದು ಬಾಗಿಲಿಂದ ಮೈದಾನಕ್ಕೆ ಇಳಿತಿದ್ದರು. ಬೌಲರ್‌ಗಳಿಗೆ ಕ್ಯಾಪ್ಟನ್ಸಿ ಕೊಡೋಕೆ ಸೆಲೆಕ್ಟರ್‌ಗಳು ಹಿಂದೆಮುಂದೆ ನೋಡೋದು ಅಲ್ಲಿಂದ ಬಂದ ಅಭ್ಯಾಸ ಅಂತ ನಮ್ಮ ಗುಮಾನಿ. ನಮ್ಮದೇ ಮೆಕ್ಯಾನಿಕಲ್ ಇಂಜಿನಿಯರ್ ಅನಿಲ್ ಕುಂಬ್ಳೆಗೆ ಟೆಸ್ಟ್ ಕ್ಯಾಪ್ಟನ್ಸಿ ಸಿಕ್ಕಿದ್ದು 2007ರಲ್ಲಿ, 37ನೇ ವಯಸ್ಸಿಗೆ, ಐನೂರಕ್ಕಿಂತ ಜಾಸ್ತಿ ವಿಕೆಟ್ ತೆಗೆದ ಮೇಲೆ. ತಡವಾದರೂ ಸಿಕ್ಕಿತಲ್ಲ, ಬಾಲು ಅವರ ಕಥೆ ಹಾಗಲ್ಲ.

ಗ್ರೇಗ್‌ನನ್ನ ಪರದಾಡಿಸೋ ಹುಡುಗನೊಬ್ಬ ಇದ್ದಾನೆ ಅನ್ನೋ ಸುದ್ದಿ ಪುಣೆಯ ಹಿಂದೂ ಕ್ರಿಕೆಟ್ ಕ್ಲಬ್ಬಿಗೆ ಮುಟ್ಟಿತು. ಅವರಿಗೆ ಬಿಳಿಯರನ್ನ ಸೋಲಿಸೋ ಆಸೆ. ಆದರೆ ಈ ಹುಡುಗ ಅಸ್ಪೃಶ್ಯ. ಅವರು ಕಂಡುಕೊಂಡ ಪರಿಹಾರ ಹೀಗಿತ್ತು: ಮೈದಾನದ ಒಳಗೆ ಎಲ್ಲರ ಜೊತೆ ಆಡಬಹುದು, ಮೈದಾನದ ಹೊರಗೆ ಬೇರೆ. ಚಹಾದ ಹೊತ್ತಿಗೆ ಉಳಿದ ಹತ್ತು ಜನ ಪೆವಿಲಿಯನ್ ಒಳಗೆ ಕಪ್ಪಿನಲ್ಲಿ ಕುಡಿದರೆ, ಬಾಲು ಹೊರಗೆ ನಿಂತು ಮಣ್ಣಿನ ಲೋಟದಲ್ಲಿ ಕುಡೀಬೇಕು. ಊಟಕ್ಕೂ ಬೇರೆ ಜಾಗ, ಬೇರೆ ತಟ್ಟೆ.

ಕ್ರಿಕೆಟ್ ಬಾಲ್ ಚರ್ಮದ್ದು ಅನ್ನೋದು ಇವರಿಗೆ ನೆನಪಾಗಲಿಲ್ವಾ? ಅದನ್ನ ಹೊಲಿಯೋರು ಯಾರು ಅಂತ? ಬಾಲು ಎಸೆದ ಬಾಲನ್ನ ಸ್ಲಿಪ್ಪಿನಲ್ಲಿ ಹಿಡಿದು ಕುಣಿದವರಿಗೆ, ಹತ್ತು ನಿಮಿಷ ಬಿಟ್ಟು ಅದೇ ಕೈ ಮುಟ್ಟಿದ ಲೋಟ ಬೇಡ. ನಾವು ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತ್ವಿ.

ಸಾತಾರದಲ್ಲಿ ನಡೆದ ಒಂದು ಮ್ಯಾಚ್ ಬಗ್ಗೆ ಹೇಳಲೇಬೇಕು. ಪುಣೆಯ ಹಿಂದೂಗಳು ಅಲ್ಲಿನ ಬಿಳಿಯರ ಜಿಮ್ಖಾನಾ ಮೇಲೆ ಆಡೋಕೆ ಹೋದಾಗ, ಆತಿಥೇಯರು ಬಾಲು ಸ್ಪಿನ್ ತಿರುಗಬಾರದು ಅಂತ ಮುಂಚೆಯೇ ದಿನಗಟ್ಟಲೆ ಪಿಚ್ಚನ್ನ ಉರುಳಿಸಿ ಕಲ್ಲಿನ ಹಾಗೆ ಮಾಡಿಟ್ಟಿದ್ದರು. ಬಾಲು 7 ವಿಕೆಟ್ ತೆಗೆದರು. ರೋಲರ್ ಎಳೆದೇ ಬೆಳೆದ ಮನುಷ್ಯನಿಗೆ ರೋಲರ್ ಹಾಕಿದ ಪಿಚ್ ತೋರಿಸಿ ಹೆದರಿಸೋಕೆ ಆಗುತ್ತಾ! ಪಿಚ್ಚಿನಲ್ಲಿ ಎಲ್ಲಿ ತೇವ ಉಳಿದಿದೆ, ಯಾವ ತುದಿ ಬೇಗ ಒಣಗುತ್ತೆ, ಮಧ್ಯಾಹ್ನದ ಮೇಲೆ ಎಲ್ಲಿ ಬಿರುಕು ಬಿಡುತ್ತೆ ಅನ್ನೋದು ಅವರಿಗೆ ಪುಸ್ತಕ ಓದಿ ಬಂದ ವಿದ್ಯೆ ಅಲ್ಲ. ಇದೇ ಜ್ಞಾನದ ಮೇಲೆ ಕ್ಯಾಪ್ಟನ್ ಅನ್ನೋನು ಟಾಸ್ ಗೆದ್ದಾಗ ತೀರ್ಮಾನ ಮಾಡೋದು, ಯಾರನ್ನ ಯಾವ ತುದಿಯಿಂದ ಬೌಲಿಂಗಿಗೆ ಹಾಕಬೇಕು ಅಂತ ಹೇಳೋದು.

ಈ ಗೆಲುವುಗಳ ನಂತರ ಪುಣೆಯಲ್ಲಿ ಸ್ವಲ್ಪ ಗಾಳಿ ಬದಲಾಯಿತು. ಸಮಾಜ ಸುಧಾರಕ ಮಹಾದೇವ ಗೋವಿಂದ ರಾನಡೆ ಬಾಲು ಅವರನ್ನ ಬಹಿರಂಗವಾಗಿ ಗೌರವಿಸಿದರು. ಜೊತೆಗೆ ಆಡೋರು ಜೊತೆಗೆ ಊಟ ಯಾಕೆ ಮಾಡಬಾರದು ಅನ್ನೋದು ಅವರ ವಾದ. ಆಮೇಲೆ ತಿಲಕರೂ ಮೆಚ್ಚಿ ಮಾತಾಡಿದರು. 1896ರಲ್ಲಿ ಪ್ಲೇಗ್ ಬಂತು. ಬಾಲು ಮುಂಬಯಿ ಸೇರಿಕೊಂಡರು, ರೈಲ್ವೆ ಕಂಪನಿಯಲ್ಲಿ ಕೆಲಸ ಹಿಡಿದು ಅದರ ತಂಡಕ್ಕೆ ಆಡಿದರು. ಮುಂಬಯಿಯ ಹಿಂದೂ ಜಿಮ್ಖಾನಾಗೆ ಅವರನ್ನ ಸೇರಿಸಿಕೊಳ್ಳೋಕೆ ಕೆಲವು ಸದಸ್ಯರು ಒಪ್ಪಲಿಲ್ಲ. ತಂಡದ ಕ್ಯಾಪ್ಟನ್ ಕೀರ್ತಿಕರ್ ಹಟ ಹಿಡಿದು ಸೇರಿಸಿದರು. ಈ ಕೀರ್ತಿಕರ್ ಎಷ್ಟು ರನ್ ಹೊಡೆದರು ಅನ್ನೋದು ನಮಗೆ ಮುಖ್ಯ ಅಲ್ಲ, ಕ್ಯಾಪ್ಟನ್ನಾಗಿ ಮಾಡಿದ ಈ ಒಂದು ಕೆಲಸ ಸಾಕು.

ಆಗಿನ ಕ್ರಿಕೆಟ್ ಹೇಗಿತ್ತು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಐಪಿಎಲ್‌ನಲ್ಲಿ ಊರಿಗೊಂದು ತಂಡ ಇದ್ದ ಹಾಗೆ ಆಗ ಧರ್ಮಕ್ಕೊಂದು ತಂಡ. ಮೊದಲು ಯುರೋಪಿಯನ್ನರು ಮತ್ತು ಪಾರ್ಸಿಗಳು, 1907ರಲ್ಲಿ ಹಿಂದೂಗಳು ಸೇರಿ ತ್ರಿಕೋನ ಸರಣಿ, 1912ರಲ್ಲಿ ಮುಸ್ಲಿಮರು ಸೇರಿ ಚತುಷ್ಕೋನ ಸರಣಿ. ದೇಶಕ್ಕೊಂದು ಟೆಸ್ಟ್ ತಂಡ ಇಲ್ಲದ ಕಾಲದಲ್ಲಿ ಜನ ಸಾವಿರಾರು ಸಂಖ್ಯೆಯಲ್ಲಿ ಬಂದು ನೋಡ್ತಿದ್ದದ್ದು ಇದನ್ನೇ. 1906ರ ಫೆಬ್ರವರಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನ 109 ರನ್‌ಗಳಿಂದ ಸೋಲಿಸಿತು. ಆಳುವವರನ್ನ ಆಳಿಸಿಕೊಳ್ಳೋರು ಅವರದೇ ಆಟದಲ್ಲಿ ಸೋಲಿಸಿದ್ದು. ಬಾಲು ಅವರ ಬೌಲಿಂಗೇ ಅದಕ್ಕೆ ಮುಖ್ಯ ಕಾರಣ, ತಮ್ಮ ಶಿವರಾಮ ಕೂಡ ಅದೇ ತಂಡದಲ್ಲಿದ್ದರು. ಮುಂದಿನ ವರ್ಷ ಮತ್ತೆ ಗೆದ್ದರು. ಮುಂಬಯಿಯಲ್ಲಿ ಈ ಅಣ್ಣತಮ್ಮಂದಿರು ಉಳಿದವರ ಜೊತೆ ಕೂತು ಊಟ ಮಾಡ್ತಿದ್ದರು. ಪುಣೆಯ ಮಣ್ಣಿನ ಲೋಟ ಇಲ್ಲಿಗೆ ಬರಲಿಲ್ಲ. ಸುಧಾರಕರ ಪತ್ರಿಕೆಗಳು ಇದನ್ನ ಮ್ಯಾಚಿನ ಗೆಲುವಿಗಿಂತ ದೊಡ್ಡದು ಅಂತ ಬರೆದವು.

ಈಗ 1911ಕ್ಕೆ ಬರೋಣ. ಮೊಟ್ಟಮೊದಲ ಬಾರಿಗೆ ಎಲ್ಲ ಧರ್ಮದವರೂ ಇರೋ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೊರಟಿತು. ಒಂದರ್ಥದಲ್ಲಿ ಇದೇ ನಮ್ಮ ಮೊದಲ ರಾಷ್ಟ್ರೀಯ ತಂಡ. ಬಾಲು ಅವರಿಗೆ ಆಗ 35 ವರ್ಷ, ತಂಡದ ಅತ್ಯಂತ ಅನುಭವಿ ಬೌಲರ್. ಕ್ಯಾಪ್ಟನ್ ಯಾರು ಅಂದರೆ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್. ವಯಸ್ಸು 19. ನಮ್ಮ ವಯಸ್ಸು! ನಮ್ಮಲ್ಲಿ ಎಷ್ಟು ಜನಕ್ಕೆ ಲ್ಯಾಬಿನಲ್ಲಿ ನಾಲ್ಕು ಜನರ ಬ್ಯಾಚನ್ನ ಸುಧಾರಿಸೋಕೆ ಆಗುತ್ತೆ ಅಂತ ಎದೆ ಮುಟ್ಟಿಕೊಂಡು ಹೇಳಿ. ಪ್ರವಾಸದ ಖರ್ಚಿಗೆ ದೊಡ್ಡ ಮನುಷ್ಯರ ದುಡ್ಡು ಬೇಕಿತ್ತು, ಬ್ಯಾಟ್ ಮಹಾರಾಜರದ್ದು, ಕ್ಯಾಪ್ಟನ್ನೂ ಅವರೇ. ಅಪ್ಸರಕೊಂಡದ ನಿಯಮ ಲಂಡನ್ ತನಕ ಹೋಗಿತ್ತು.

ಆ ವರ್ಷ ಲಂಡನ್ನಿನಲ್ಲಿ ಐದನೇ ಜಾರ್ಜ್ ದೊರೆಯ ಪಟ್ಟಾಭಿಷೇಕ. ಮಹಾರಾಜರು ಅದರ ಸಡಗರದಲ್ಲಿದ್ದರು, ಕೆಲವೇ ಮ್ಯಾಚ್ ಆಡಿದರು. ತಾವು ಹೋಗಿದ್ದಲ್ಲದೆ ತಂಡದ ಬಹಳ ಒಳ್ಳೆ ಬ್ಯಾಟ್ಸ್‌ಮನ್ ಕೇಕಿ ಮಿಸ್ತ್ರಿಯನ್ನೂ ತಮ್ಮ ಕೆಲಸಕ್ಕೆ ಅಂತ ಜೊತೆಗೆ ಇಟ್ಟುಕೊಂಡರು. ಉಳಿದವರು ಚಳಿಯಲ್ಲಿ, ಒದ್ದೆ ಪಿಚ್‌ಗಳಲ್ಲಿ, ಊರಿಂದೂರಿಗೆ ರೈಲಿನಲ್ಲಿ ಓಡಾಡುತ್ತಾ ಸೋತರು. 14 ಫಸ್ಟ್ ಕ್ಲಾಸ್ ಮ್ಯಾಚ್‌ಗಳಲ್ಲಿ ಗೆದ್ದಿದ್ದು 2 ಮಾತ್ರ, 10 ಸೋಲು.

ಆ ಸೋಲುಗಳ ನಡುವೆ ಬಾಲು ಏನು ಮಾಡಿದರು ನೋಡಿ. ಪ್ರವಾಸದ ಎಲ್ಲ ಮ್ಯಾಚ್ ಸೇರಿ 114 ವಿಕೆಟ್. ಬರೀ ಫಸ್ಟ್ ಕ್ಲಾಸ್ ಲೆಕ್ಕ ಹಿಡಿದರೂ 75. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮೇಲೆ ಒಂದೇ ಇನಿಂಗ್ಸಿನಲ್ಲಿ 103 ರನ್‌ಗೆ 8. ಲೀಸ್ಟರ್‌ಶೈರ್ ಮೇಲೆ ಎರಡೂ ಇನಿಂಗ್ಸ್ ಸೇರಿ 11 ವಿಕೆಟ್ ತೆಗೆದು ತಂಡಕ್ಕೆ ಮೊದಲ ಗೆಲುವು ತಂದುಕೊಟ್ಟರು. ಎರಡನೇ ಗೆಲುವು ಸಾಮರ್‌ಸೆಟ್ ಮೇಲೆ, ಅಲ್ಲಿ ತಮ್ಮ ಶಿವರಾಮ ಔಟಾಗದೆ ಶತಕ ಹೊಡೆದರು. ಇಡೀ ಭಾರತದ ಎರಡೇ ಎರಡು ಗೆಲುವು, ಎರಡರಲ್ಲೂ ಒಂದೇ ಮನೆಯವರ ಕೈ. ಬಾಲು ಅವರಿಗೆ ಆಗಲೇ ಭುಜದ ನೋವು ಶುರುವಾಗಿತ್ತು. ಬದಲಿಗೆ ಹಾಕೋಕೆ ಅವರಷ್ಟು ಒಳ್ಳೆ ಬೌಲರ್ ಇರಲಿಲ್ಲ, ಹಾಗಾಗಿ ಅವರೇ ಹಾಕಿದರು. ಇಂಗ್ಲೆಂಡಿನವರು ತಮ್ಮ ದೊಡ್ಡ ಎಡಗೈ ಸ್ಪಿನ್ನರ್ ವಿಲ್ಫ್ರೆಡ್ ರೋಡ್ಸ್‌ಗೆ ಇವರನ್ನ ಹೋಲಿಸಿದರು.

ವಾಪಸ್ ಬಂದಾಗ ಮುಂಬಯಿಯ ದಲಿತ ಸಮುದಾಯದವರು ಬಾಲು ಅವರಿಗೆ ಸನ್ಮಾನ ಮಾಡಿದರು. ಅಲ್ಲಿ ಮಾನಪತ್ರ ಬರೆದು ಅರ್ಪಿಸಿದ ಕಾಲೇಜು ಹುಡುಗನ ಹೆಸರು ಭೀಮರಾವ್ ಅಂಬೇಡ್ಕರ್.

ಇಷ್ಟಾದ ಮೇಲೆ ಹಿಂದೂ ತಂಡದ ಕ್ಯಾಪ್ಟನ್ ಯಾರಾಗಬೇಕು? ಹಾಸ್ಟೆಲ್ಲಿನಲ್ಲಿ ವೋಟ್ ಹಾಕಿದರೆ ಎರಡು ನಿಮಿಷದ ಕೆಲಸ. 1913ರಲ್ಲಿ ಆಯ್ಕೆ ಆದದ್ದು ಎಂ. ಡಿ. ಪೈ. ಪೈ ಅನ್ನೋ ಹೆಸರು ನಮ್ಮ ಕರಾವಳಿಯವರಿಗೆ ಹೊಸದಲ್ಲ, ಹೊನ್ನಾವರದ ಬಜಾರಿನಲ್ಲಿ ನಾಲ್ಕು ಅಂಗಡಿ ದಾಟಿದರೆ ಒಂದು ಪೈ ಬೋರ್ಡ್ ಸಿಗುತ್ತೆ. ಈ ಪೈ ಒಳ್ಳೆಯ ಮನುಷ್ಯ. ತಮಗೇ ನಡೆದ ಅಭಿನಂದನಾ ಸಭೆಯಲ್ಲಿ ಎದ್ದು ನಿಂತು, ಈ ಗೌರವ ಹಿರಿಯರೂ ಅನುಭವಿಯೂ ಆದ ಬಾಲು ಅವರಿಗೆ ಸಲ್ಲಬೇಕಿತ್ತು ಅಂತ ಎಲ್ಲರ ಮುಂದೆ ಹೇಳಿದರು. ಆದರೆ ಕ್ಯಾಪ್ಟನ್ಸಿ ಬೇಡ ಅಂತ ಬಿಟ್ಟುಕೊಡಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ನಮ್ಮಲ್ಲೇ ಒಮ್ಮತ ಇಲ್ಲ. ಅಷ್ಟು ಹೇಳಿದ್ದೇ ಆ ಕಾಲಕ್ಕೆ ದೊಡ್ಡದು ಅಂತ ಕೆಲವರು. ಹೇಳಿ ಬಿಟ್ಟುಕೊಡದೇ ಇದ್ದರೆ ಏನು ಬಂತು ಅಂತ ಉಳಿದವರು.

ಯಾಕೆ ಕೊಡಲಿಲ್ಲ ಅನ್ನೋದು ಗುಟ್ಟೇನೂ ಆಗಿರಲಿಲ್ಲ. ಬೌಲರ್ ಆಗಿ ಬಾಲು ಬೇಕು, ಅವರಿಲ್ಲದೆ ಗೆಲ್ಲೋಕಾಗಲ್ಲ. ಆದರೆ ಕ್ಯಾಪ್ಟನ್ ಅಂದರೆ ಹೇಳಿದ ಕಡೆ ನಿಲ್ಲಬೇಕು. ಬ್ರಾಹ್ಮಣ ಹುಡುಗನನ್ನ ಒಬ್ಬ ಚಮ್ಮಾರ ಕೈ ಮಾಡಿ ಥರ್ಡ್ ಮ್ಯಾನ್‌ಗೆ ಕಳಿಸಬೇಕು, ಅವನು ಹೋಗಬೇಕು. ಟಾಸ್ ಹೊತ್ತಲ್ಲಿ ಇಡೀ ಹಿಂದೂ ಸಮಾಜದ ಪರವಾಗಿ ಅವರೇ ನಡುಪಿಚ್ಚಿಗೆ ನಡೆದು ಹೋಗಬೇಕು. ವಿಕೆಟ್ ತೆಗೆಯೋದನ್ನ ಸೇವೆ ಅಂತ ತಗೊಳ್ಳಬಹುದು, ಆಜ್ಞೆ ಮಾಡೋದನ್ನ ಹಾಗೆ ತಗೊಳ್ಳೋಕೆ ಬರಲ್ಲ. ನಾವು ಕ್ಯಾಪ್ಟನ್ಸಿ ಅಂದರೆ ತಲೆ, ಧೈರ್ಯ, ಕೂಲ್ ಆಗಿರೋದು ಅಂತೆಲ್ಲ ಪಟ್ಟಿ ಮಾಡ್ತೀವಲ್ಲ, ಆ ಪಟ್ಟಿಯಲ್ಲಿ ಬಾಲು ಅವರಿಗೆ ಪೂರ್ತಿ ಮಾರ್ಕ್ಸ್ ಬಂದರೂ ಪಾಸ್ ಆಗಲಿಲ್ಲ. ಯಾಕಂದರೆ ಪರೀಕ್ಷೆ ಇದ್ದದ್ದು ಅವರಿಗಲ್ಲ, ಉಳಿದ ಹತ್ತು ಜನಕ್ಕೆ.

ಹೀಗೇ ಏಳು ವರ್ಷ ಹೋಯಿತು. ಪ್ರತಿ ಸೀಸನ್ ಚರ್ಚೆ, ಪ್ರತಿ ಸೀಸನ್ ಬೇರೆ ಯಾರೋ. 1920ಕ್ಕೆ ಬಾಲು ಅವರಿಗೆ 44. ಆ ವರ್ಷ ಅವರನ್ನ ತಂಡದಿಂದಲೇ ಕೈಬಿಟ್ಟರು. ಕ್ಯಾಪ್ಟನ್ ಪೈ ಹುಷಾರು ತಪ್ಪಿದರು. ಆಗ ವಿಠ್ಠಲ ತಂಡದ ದೊಡ್ಡ ಬ್ಯಾಟ್ಸ್‌ಮನ್, ಶಿವರಾಮನೂ ಹಿರಿಯ ಆಟಗಾರ. ಆದರೂ ಕ್ಯಾಪ್ಟನ್ಸಿ ಹೋಗಿದ್ದು ಪುಣೆಯ ಡಿ. ಬಿ. ದೇವಧರ್ ಅವರಿಗೆ. ಹೌದು, ದೇವಧರ್ ಟ್ರೋಫಿಗೆ ಇಟ್ಟಿದ್ದು ಅವರ ಹೆಸರನ್ನೇ, ಆಟಗಾರರಾಗಿ ಅವರು ಸಣ್ಣವರೇನಲ್ಲ. ಆದರೆ ಈ ಸಲ ಅಣ್ಣತಮ್ಮಂದಿರು ಸುಮ್ಮನಿರಲಿಲ್ಲ. ಶಿವರಾಮ, ವಿಠ್ಠಲ ಇಬ್ಬರೂ ತಂಡದಿಂದ ಹೊರಗೆ ಬಂದರು. ತಮ್ಮನ್ನ ದೂರ ಇಟ್ಟಿದ್ದು ಆಟದ ಕಾರಣಕ್ಕಲ್ಲ, ಜಾತಿಯ ಕಾರಣಕ್ಕೆ ಅಂತ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟರು. ಮುಂಬಯಿಯಲ್ಲಿ ದೊಡ್ಡ ಗದ್ದಲ ಆಯಿತು. ಗಾಂಧೀಜಿ ಅಸ್ಪೃಶ್ಯತೆ ವಿರುದ್ಧ ಮಾತಾಡ್ತಿದ್ದ ದಿನಗಳು ಅವು, ಜಿಮ್ಖಾನಾಗೆ ಮುಖ ತೋರಿಸೋದು ಕಷ್ಟ ಆಯಿತು.

ಪಾರ್ಸಿಗಳ ಜೊತೆಗಿನ ಫೈನಲ್ ಹೊತ್ತಿಗೆ ಪೈ ವಾಪಸ್ ಬಂದು ಕ್ಯಾಪ್ಟನ್ ಆದರು, ಅಣ್ಣತಮ್ಮಂದಿರನ್ನ ಕರೆದರು, ಬಾಲು ಅವರನ್ನ ವೈಸ್ ಕ್ಯಾಪ್ಟನ್ ಮಾಡಿದರು. ಪಾರ್ಸಿಗಳು ಆಡ್ತಿದ್ದಾಗ ಪೈ ಮೈದಾನದಿಂದ ಹೊರಗೆ ನಡೆದುಬಿಟ್ಟರು. ಬಾಲು ಸ್ವಲ್ಪ ಹೊತ್ತಾದರೂ ತಂಡವನ್ನ ನಡೆಸಲಿ ಅಂತ. ಮ್ಯಾಚ್ ಡ್ರಾ ಆಯಿತು, ಎರಡೂ ತಂಡ ಪ್ರಶಸ್ತಿ ಹಂಚಿಕೊಂಡವು. 1913ರ ಸಭೆಯಲ್ಲಿ ಬಾಯಲ್ಲಿ ಹೇಳಿದ್ದನ್ನ ಪೈ ಏಳು ವರ್ಷದ ಮೇಲೆ ಕಾಲಲ್ಲಿ ನಡೆದು ತೋರಿಸಿದರು ಅಂತ ನಮಗೆ ಅನ್ನಿಸಿತು. ಆ ಹೊತ್ತಿನಲ್ಲಿ ಬಾಲು ಯಾರನ್ನ ಯಾವ ತುದಿಯಿಂದ ಹಾಕಿದರು, ಫೀಲ್ಡ್ ಹೇಗೆ ಇಟ್ಟರು ಅನ್ನೋದನ್ನ ನೋಡೋಕೆ ಸಿಕ್ಕಿದ್ದರೆ ನಾವು ಒಂದು ಸೆಮಿಸ್ಟರ್ ಅಟೆಂಡೆನ್ಸ್ ಬೇಕಾದರೂ ಬಿಟ್ಟುಕೊಡ್ತಿದ್ದೆವು.

ಕೊನೆಗೆ 1923ರಲ್ಲಿ ವಿಠ್ಠಲ ಹಿಂದೂ ತಂಡದ ಕ್ಯಾಪ್ಟನ್ ಆದರು. ಆ ವರ್ಷ ಫೈನಲ್ಲಿನಲ್ಲಿ ಯುರೋಪಿಯನ್ನರನ್ನ ಸೋಲಿಸಿದಾಗ, ಮೇಲುಜಾತಿಯವರೂ ಸೇರಿ ವಿಠ್ಠಲರನ್ನ ಹೆಗಲ ಮೇಲೆ ಹೊತ್ತು ಮೆರೆಸಿದರು. ಮುಟ್ಟಬಾರದು ಅಂತಿದ್ದ ಮನುಷ್ಯನನ್ನ ಹೊತ್ತುಕೊಂಡರು! ವಿಠ್ಠಲ ಮುಂದೆ ಮರಾಠಿಯಲ್ಲಿ ತಮ್ಮ ಆತ್ಮಕಥೆಯನ್ನೂ ಬರೆದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು, ಆದರೆ ಅದನ್ನ ಅಷ್ಟು ವರ್ಷ ತಟ್ಟಿದ್ದು ಅಣ್ಣ.

ಮಹಾರಾಜರ ನಿಯಮ ಮಾತ್ರ ಬೇಗ ಹೋಗಲಿಲ್ಲ. 1932ರಲ್ಲಿ ಭಾರತ ಮೊದಲ ಟೆಸ್ಟ್ ಆಡೋಕೆ ಇಂಗ್ಲೆಂಡಿಗೆ ಹೋದಾಗ ಕ್ಯಾಪ್ಟನ್ ಪೋರಬಂದರಿನ ಮಹಾರಾಜ. ಆದರೆ ಈತನಿಗೆ ತನ್ನ ಆಟ ಎಷ್ಟು ಅಂತ ಗೊತ್ತಿತ್ತು. ಜೂನ್ 25ರಂದು ಲಾರ್ಡ್ಸ್‌ನಲ್ಲಿ ತಾವು ಹಿಂದೆ ಸರಿದು ಸಿ. ಕೆ. ನಾಯುಡುಗೆ ಬಿಟ್ಟುಕೊಟ್ಟರು. ನಾಯುಡು ಕೈಗೆ ಪೆಟ್ಟಾಗಿದ್ದರೂ ಮೊದಲ ಇನಿಂಗ್ಸಿನಲ್ಲಿ ಎಲ್ಲರಿಗಿಂತ ಜಾಸ್ತಿ, 40 ರನ್ ಮಾಡಿದರು. ನಾಲ್ಕೇ ವರ್ಷದ ಮೇಲೆ, 1936ರಲ್ಲಿ, ವಿಜಯನಗರಂ ಮಹಾರಾಜಕುಮಾರ ಕ್ಯಾಪ್ಟನ್ ಆಗಿ ಹೋಗಿ ತಂಡದ ಅತ್ಯುತ್ತಮ ಆಟಗಾರ ಲಾಲಾ ಅಮರನಾಥರನ್ನ ಅರ್ಧದಲ್ಲೇ ಮನೆಗೆ ಕಳಿಸಿದರು. ಮೂರು ಟೆಸ್ಟಿನಲ್ಲಿ ಅವರು ಸ್ವತಃ ಮಾಡಿದ್ದು ಒಟ್ಟು 33 ರನ್. ಬ್ಯಾಟ್ ಇದ್ದವನು ಮನೆಗೆ ಹೋಗೋದು ನೋಡಿದ್ದೀವಿ, ಆಡೋನನ್ನೇ ಮನೆಗೆ ಕಳಿಸಿದ್ದು ಇದೇ ಮೊದಲು.

ಲಾರ್ಡ್ಸ್ ಟೆಸ್ಟ್ ಆದ ಮೂರೇ ತಿಂಗಳಿಗೆ, 1932ರ ಸೆಪ್ಟೆಂಬರಿನಲ್ಲಿ, ಬಾಲು ಬೇರೆಯದೇ ಮೈದಾನದಲ್ಲಿದ್ದರು. ಅಂಬೇಡ್ಕರ್ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಕೇಳಿದ್ದರು, ಬ್ರಿಟಿಷರು ಒಪ್ಪಿದ್ದರು, ಗಾಂಧೀಜಿ ಯೆರವಡಾ ಜೈಲಿನಲ್ಲಿ ಅದರ ವಿರುದ್ಧ ಉಪವಾಸ ಕೂತಿದ್ದರು. ಸೆಪ್ಟೆಂಬರ್ 24ರಂದು ಆದ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಬಾಲು ಒಬ್ಬರು. ಒಪ್ಪಂದಕ್ಕೆ ಮುಂಚೆ ಅಂಬೇಡ್ಕರರನ್ನ ಒಪ್ಪಿಸೋಕೆ ಓಡಾಡಿದವರಲ್ಲೂ ಅವರಿದ್ದರು. ಪುಣೆಯಲ್ಲಿ ಮಣ್ಣಿನ ಲೋಟ ಹಿಡಿದು ಹೊರಗೆ ನಿಂತಿದ್ದ ಹುಡುಗ, ಅದೇ ಪುಣೆಯಲ್ಲಿ ದೇಶದ ದೊಡ್ಡವರ ನಡುವೆ ಕೂತು ಸಹಿ ಹಾಕಿದ್ದು.

1937ರಲ್ಲಿ ಮುಂಬಯಿ ವಿಧಾನಸಭೆಗೆ ಚುನಾವಣೆ. ನಮ್ಮ ಉತ್ತರ ಕನ್ನಡವೂ, ಬಾಲು ಹುಟ್ಟಿದ ಧಾರವಾಡವೂ ಆಗ ಮುಂಬಯಿ ಪ್ರಾಂತದಲ್ಲೇ ಇದ್ದವು, ಹಾಗಾಗಿ ಅದು ನಮ್ಮ ಅಜ್ಜಂದಿರ ವಿಧಾನಸಭೆ ಕೂಡ. ಕಾಂಗ್ರೆಸ್ಸು ಅಂಬೇಡ್ಕರ್ ಎದುರು ನಿಲ್ಲಿಸಿದ್ದು ಬಾಲು ಅವರನ್ನ. ಇಪ್ಪತ್ತೈದು ವರ್ಷದ ಹಿಂದೆ ಯಾರಿಗೆ ಮಾನಪತ್ರ ಬರೆದಿದ್ದರೋ ಅವರ ವಿರುದ್ಧವೇ ಅಂಬೇಡ್ಕರ್ ನಿಲ್ಲಬೇಕಾಯಿತು. ಬಾಲು ಸುಮಾರು ಎರಡು ಸಾವಿರ ಮತಗಳಿಂದ ಸೋತರು.

ಇಲ್ಲಿ ಒಬ್ಬರನ್ನ ಹೀರೋ ಇನ್ನೊಬ್ಬರನ್ನ ವಿಲನ್ ಮಾಡೋಕೆ ನಮಗೆ ಮನಸ್ಸು ಬರಲ್ಲ. ಬಾಲು ಜೀವನಪೂರ್ತಿ ನಂಬಿದ್ದು ಇಷ್ಟು: ಒಳಗಿದ್ದು ಚೆನ್ನಾಗಿ ಬೌಲ್ ಮಾಡ್ತಾ ಇರೋಣ, ಒಂದು ದಿನ ತಂಡಕ್ಕೇ ನಾಚಿಕೆಯಾಗಿ ಕರೆದು ಕೊಡುತ್ತೆ. ತಮ್ಮನ ವಿಷಯದಲ್ಲಿ ಅದು ನಿಜವೂ ಆಯಿತು. ಅಂಬೇಡ್ಕರ್ ಕೇಳಿದ್ದು, ಕೊಡೋಕೆ ಅವರು ಯಾರು ಅಂತ. 1913ರಿಂದ 1920ರವರೆಗಿನ ಏಳು ವರ್ಷ ನೆನಪಾದಾಗೆಲ್ಲ ನಮಗೆ ಎರಡನೇ ಪ್ರಶ್ನೆಯೇ ಜಾಸ್ತಿ ಸರಿ ಅನ್ನಿಸುತ್ತೆ. 1923ರಲ್ಲಿ ಹೆಗಲ ಮೇಲೆ ಕೂತ ವಿಠ್ಠಲರನ್ನ ನೆನೆದರೆ ಮತ್ತೆ ಅನುಮಾನ ಬರುತ್ತೆ. ರೂಮಿನಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ, ಧೋನಿ ಕೊಹ್ಲಿ ಜಗಳಕ್ಕಿಂತ ಇದೇ ಜೋರಾಗಿದೆ.

ಬಾಲು ತೀರಿಕೊಂಡಿದ್ದು 1955ರ ಜುಲೈ 4ರಂದು, ಮುಂಬಯಿಯಲ್ಲಿ. ಮುಂದಿನ ವರ್ಷ ಧಾರವಾಡವೂ ಹೊನ್ನಾವರವೂ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. ಅವರು ಆಡಿದ ಫಸ್ಟ್ ಕ್ಲಾಸ್ ಮ್ಯಾಚ್ 33, ವಿಕೆಟ್ 179, ಸರಾಸರಿ 15.21. ವಿಕೆಟ್ಟಿಗೆ ಬರೀ ಹದಿನೈದು ರನ್. ಯಾವುದೇ ಸ್ಕೋರ್ ವೆಬ್‌ಸೈಟ್ ತೆಗೆದು ಅವರ ಹೆಸರು ಹಾಕಿ ನೋಡಿ, ಹುಟ್ಟಿದ ಊರಿನ ಜಾಗದಲ್ಲಿ ಧಾರವಾಡ ಅಂತ ಇದೆ.